ರಾಮನವಮಿ ಚಪ್ಪರವೂ ರಾತ್ರಿ ಹತ್ತು ಗಂಟೆಯೂ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಒಂದೇ ಚರ್ಚೆ. ರಾಮೋತ್ಸವದ ಸಂಗೀತ ಕಛೇರಿ ಚಪ್ಪರದಲ್ಲೇ ಆಗಬೇಕಾ, ಹಾಲ್ ಒಳಗೆ ಸಾಕಾ? ಸ್ಪೀಕರ್ ಎಷ್ಟು, ಎಲ್ಲಿ? ಶಾಲೆ ಮೈದಾನ ಕೊಡ್ತಾರಾ? ಕೇಳುಗರು ಒಂದು ಹೇಳುತ್ತಾರೆ, ಪಕ್ಕದ ಮನೆಯವರು ಇನ್ನೊಂದು, ಕಛೇರಿ ಏರ್ಪಡಿಸುವ ಮಂಡಳಿಯವರು ಮತ್ತೊಂದು. ಹೊಸದಾಗಿ ಬಡಾವಣೆಗೆ ಬಂದವರಿಗೆ ಇದರ ತಲೆಬುಡ ಗೊತ್ತಾಗುವುದಿಲ್ಲ. ಮೂವತ್ತು ವರ್ಷದಿಂದ ಒಂದು ಚಿಕ್ಕ ಮಂಡಳಿಯ ಜಮಖಾನ ಹಾಸುತ್ತಾ ಬಂದವನು ನಾನು. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮೊದಲಿಗೆ, ಬೇಸಿಗೆಯೇ ಯಾಕೆ? ರಾಮನವಮಿ ಚೈತ್ರದಲ್ಲಿ ಬರುತ್ತದೆ, ಅದು ಸರಿ. ಆದರೆ ಕಛೇರಿಗಳು ಒಂದು ದಿನಕ್ಕೆ ನಿಲ್ಲದೆ ವಾರ, ಹದಿನೈದು ದಿನ, ಕೆಲವು ಕಡೆ ತಿಂಗಳವರೆಗೂ ಎಳೆಯುವುದಕ್ಕೆ ಬೇರೆ ಅನುಕೂಲಗಳೂ ಇದ್ದವು. ಪರೀಕ್ಷೆ ಮುಗಿದು ಶಾಲೆಗಳು ಬೀಗ ಹಾಕಿರುತ್ತವೆ, ಮೈದಾನ ಖಾಲಿ. ಮದರಾಸಿನ ಸಂಗೀತದ ಸೀಸನ್ ಡಿಸೆಂಬರಿನದು, ಏಪ್ರಿಲ್‌ನಲ್ಲಿ ಅಲ್ಲಿ ಬೆವರು. ಇಲ್ಲಿ ಮಾತ್ರ ಸಂಜೆ ಆರರ ಮೇಲೆ ಗಾಳಿ ಬೀಸುತ್ತಿತ್ತು. ಬೀಸುತ್ತಿತ್ತು ಎಂದು ಬೇಕೆಂದೇ ಬರೆದಿದ್ದೇನೆ.

ಮೈಕ್ ಬರುವ ಮುಂಚೆ ಕಛೇರಿ ಎಂದರೆ ದನಿ ಮುಟ್ಟುವಷ್ಟು ಜನ. ಮೈಸೂರಿನಲ್ಲಿ ಗಾಯಕ ಬಿಡಾರಂ ಕೃಷ್ಣಪ್ಪನವರು ರಾಮಮಂದಿರವನ್ನೇ ಕಟ್ಟಿಸಿ ಸಂಗೀತ ನಡೆಸಿದರು. ಅವರ ಶಿಷ್ಯ ಟಿ. ಚೌಡಯ್ಯ ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಹಾಕಿ ಏಳು ತಂತಿ ಮಾಡಿಕೊಂಡಿದ್ದೂ ಇದೇ ಕಷ್ಟಕ್ಕೆ: ನಾಲ್ಕು ತಂತಿಯ ದನಿ ಹಿಂದೆ ಕೂತವರಿಗೆ ಮುಟ್ಟುತ್ತಿರಲಿಲ್ಲ. ಹಿಂದಿನ ಸಾಲಿನವರ ಚಿಂತೆ ಈ ಕತೆಯ ಉದ್ದಕ್ಕೂ ಬರುತ್ತದೆ, ನೆನಪಿಟ್ಟುಕೊಳ್ಳಿ.

1939ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶ್ರೀ ರಾಮಸೇವಾ ಮಂಡಳಿ ಶುರು ಮಾಡಿದರು. ಅದು ಕೋಟೆ ಹೈಸ್ಕೂಲ್ ಮೈದಾನದ ದೊಡ್ಡ ಚಪ್ಪರವಾಗಿ ಬೆಳೆಯಿತು. ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಅಂಥವರು ಅಲ್ಲಿ ಹಾಡಿದರು. ಒಳಗೆ ಟಿಕೆಟ್ ಕೊಂಡವರು, ಹೊರಗೆ ಕಾಂಪೌಂಡ್ ಪಕ್ಕ ಪೇಪರ್ ಹಾಸಿಕೊಂಡು ಬಿಟ್ಟಿ ಕೇಳುವವರು. ಮುಂದಿನ ನಾಲ್ಕೈದು ದಶಕದಲ್ಲಿ ಊರಿನ ಎಷ್ಟೋ ಬಡಾವಣೆಗಳು ತಮ್ಮ ತಮ್ಮ ಗಾತ್ರದ ಚಪ್ಪರ ಹಾಕಿಕೊಂಡವು.

ನನಗೆ ಚೆನ್ನಾಗಿ ಗೊತ್ತಿರುವುದು ತೊಂಬತ್ತರ ದಶಕ. ನಮ್ಮದು ದೊಡ್ಡ ಮಂಡಳಿಯಲ್ಲ. ಎರಡು ರಸ್ತೆ, ಒಂದು ಅಡ್ಡರಸ್ತೆ, ನಡುವೆ ಮನೆ ಕಟ್ಟದೆ ಬಿಟ್ಟ ಒಂದು ಸೈಟು. ಯುಗಾದಿಗೆ ಮುಂಚೆಯೇ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಚಂದಾಕ್ಕೆ ಹೋಗುತ್ತಿದ್ದೆವು. ಹತ್ತು ರೂಪಾಯಿ ಕೊಟ್ಟವರೂ ಯಾರ ಕಛೇರಿ ಬೇಕು ಎಂದು ಹೇಳಿಯೇ ಕೊಡುತ್ತಿದ್ದರು. ತೆಂಗಿನ ಗರಿಯ ಚಪ್ಪರ, ಮುಂದೆ ಜಮಖಾನ, ಹಿಂದೆ ಮಡಚುವ ಕಬ್ಬಿಣದ ಕುರ್ಚಿ. ಆರೂವರೆಗೆ ವರ್ಣ, ಅಂದರೆ ಕಛೇರಿಯ ಮೊದಲ ಹಾಡು. ಏಳೂವರೆ ಹೊತ್ತಿಗೆ ಗಂಡಸರು ತುಂಬುತ್ತಿದ್ದರು. ಹೆಂಗಸರು ಅಡುಗೆ, ಬಡಿಸುವುದು ಮುಗಿಸಿ ಎಂಟೂವರೆಗೆ ಬರುತ್ತಿದ್ದರು. ನಿಜವಾದ ಕಛೇರಿ ಅವರು ಬಂದಮೇಲೆಯೇ. ಒಂದೇ ಸಾಲನ್ನು ವಿಸ್ತರಿಸಿ ಹಾಡುವ ಪಲ್ಲವಿ ಒಂಬತ್ತಕ್ಕೆ, ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಹತ್ತಕ್ಕೆ. ತನಿ ಶುರುವಾದಾಗ ಕೆಲವರು ಮಜ್ಜಿಗೆಗೆ ಎದ್ದು ಹೋಗುತ್ತಿದ್ದರು, ಮೃದಂಗದವರು ಸುಮ್ನೆ ಒಂದು ನೋಟ ನೋಡುತ್ತಿದ್ದರು. ಆಮೇಲೆ ದೇವರನಾಮಗಳು, ಚೀಟಿಯಲ್ಲಿ ಬರೆದು ಕಳಿಸಿದ ಕೋರಿಕೆಗಳು. ಮಂಗಳ ಹಾಡುವಾಗ ಹತ್ತೂ ಮುಕ್ಕಾಲು, ಹನ್ನೊಂದು. ಪಾನಕ, ಕೋಸಂಬರಿ ಹಂಚಿ ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೋಗುವುದು.

ಆಗ ಕರೆಂಟ್ ಹೋಗುವುದು ಮಾಮೂಲು. ಒಂದು ಸಲ ಕಲ್ಯಾಣಿ ರಾಗದ ಆಲಾಪನೆಯ ನಡುವೆ ಹೋಯಿತು. ಹಾಡುವವರು ನಿಲ್ಲಿಸಲಿಲ್ಲ. ಹಿಂದಿನ ಕುರ್ಚಿಯವರೆಲ್ಲ ಒಬ್ಬೊಬ್ಬರಾಗಿ ಕತ್ತಲಲ್ಲೇ ಮುಂದೆ ಬಂದು ಜಮಖಾನದ ಮೇಲೆ ಕೂತರು. ಗ್ಯಾಸ್‌ಲೈಟ್ ಹಚ್ಚುವ ಹೊತ್ತಿಗೆ ಇನ್ನೂರು ಜನ ವೇದಿಕೆಗೆ ಅಂಟಿಕೊಂಡಿದ್ದರು. ಅದರಷ್ಟು ಚೆನ್ನಾಗಿ ಕೇಳಿದ ಕಲ್ಯಾಣಿ ನನಗೆ ಇನ್ನೊಂದಿಲ್ಲ.

ಅದರಿಂದ ನಾವು ಕಲಿಯಬೇಕಾಗಿದ್ದು ಒಂದು, ಮಾಡಿದ್ದು ಇನ್ನೊಂದು. ಬೀದಿ ತುದಿಗೂ ಕೇಳಲಿ ಎಂದು ಮುಂದಿನ ವರ್ಷ ಮೂರನೇ ಲೈಟ್ ಕಂಬಕ್ಕೂ ಹಾರ್ನ್ ಸ್ಪೀಕರ್ ಕಟ್ಟಿಸಿದೆವು. ಆ ಕಂಬದ ಎದುರಿನ ಮನೆಯಲ್ಲಿ ಹಾಸಿಗೆ ಹಿಡಿದ ವಯಸ್ಸಾದವರಿದ್ದರು. ಅವರ ಮಗ ಬಂದು ಕೈಮುಗಿದು ಕೇಳಿದ. ನಾವು ಹಾರ್ನ್ ಸ್ವಲ್ಪ ಆಚೆ ತಿರುಗಿಸಿದೆವು, ತೆಗೆಯಲಿಲ್ಲ. ‘ಸಂಗೀತಾನೂ ಗಲಾಟೆ ಅನ್ನೋ ಕಾಲ ಬಂತು’ ಎಂದು ಈಗ ಬೇಸರ ಪಡುವವರು ಇಂಥ ಕಂಬಗಳನ್ನೂ ನೆನೆಯಬೇಕು.

ಆಮೇಲೆ ಕಾನೂನು ಬಂತು. ಕೇಂದ್ರ ಸರ್ಕಾರದ ಶಬ್ದಮಾಲಿನ್ಯ ನಿಯಮಗಳು 2000ದವು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಹಗಲು ಎಂದರೆ ರಾತ್ರಿ ಹತ್ತರವರೆಗೂ ಹಗಲೇ. 55 ಎಂದರೆ ಎಷ್ಟು? ಇಬ್ಬರು ಎದುರುಬದುರು ಕೂತು ಮಾತಾಡಿದರೆ ಸುಮಾರು ಅಷ್ಟಾಗುತ್ತದೆ. ಸಾರ್ವಜನಿಕ ಜಾಗದ ಗಡಿಯಲ್ಲಿ ಅಳತೆ ಮಾಡಿದಾಗ ಅದಕ್ಕಿಂತ 10 ಹೆಚ್ಚಿಗೆ ಇರಬಹುದು ಎಂಬ ಸಡಿಲಿಕೆ ಇದೆ. 2005ರಲ್ಲಿ ಸುಪ್ರೀಂ ಕೋರ್ಟ್ ಈ ಹತ್ತು ಗಂಟೆಯ ಗೆರೆಯನ್ನು ಎತ್ತಿಹಿಡಿಯಿತು. 2010ರ ತಿದ್ದುಪಡಿ ಬರೀ ಮೈಕಿಗಲ್ಲ, ರಾತ್ರಿ ಹೊತ್ತು ಬಯಲಲ್ಲಿ ನುಡಿಸುವ ವಾದ್ಯಕ್ಕೂ ಅನ್ವಯವಾಯಿತು. ಅಂದರೆ ಹತ್ತರ ಮೇಲೆ ಮೈಕ್ ಆರಿಸಿ ತನಿ ಮುಂದುವರಿಸುತ್ತೇವೆ ಎಂದರೂ ನಡೆಯುವುದಿಲ್ಲ.

ಇಲ್ಲಿ ಒಂದು ವಿನಾಯಿತಿ ಇದೆ, ಜನ ಎಡವುವುದೂ ಇಲ್ಲೇ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ಹನ್ನೆರಡರವರೆಗೆ ಬಿಡಬಹುದು. ಆದರೆ ವರ್ಷಕ್ಕೆ ಒಟ್ಟು 15 ದಿನ ಮಾತ್ರ. ಅದು ಒಂದೊಂದು ಮಂಡಳಿಗೆ 15 ದಿನ ಅಲ್ಲ. ಗಣೇಶನ ಹಬ್ಬ, ದಸರಾ, ಎಲ್ಲ ಅದರಲ್ಲೇ ಹೊಂದಬೇಕು. ತಿಂಗಳಿಡೀ ನಡೆಯುವ ರಾಮೋತ್ಸವ ಅದರಲ್ಲಿ ಹೇಗೆ ಹಿಡಿಸುತ್ತದೆ?

ಮೈದಾನದ ಕತೆ ಇನ್ನೂ ಸಿಕ್ಕು. ಇದೇ ನಿಯಮಗಳು ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು ಹೇಳಿದವು. ಬೇಸಿಗೆಯಲ್ಲಿ ಬೀಗ ಹಾಕಿದ ಶಾಲೆಯೂ ಶಾಲೆಯೇ. 2013ರಲ್ಲಿ ಶಿಕ್ಷಣ ಇಲಾಖೆ ಶಾಲಾ ಆವರಣ, ಮೈದಾನಗಳನ್ನು ಶೈಕ್ಷಣಿಕ ಉದ್ದೇಶಕ್ಕೆ ಬಿಟ್ಟು ಬೇರೆಯದಕ್ಕೆ ಕೊಡಬಾರದು ಎಂದು ಸುತ್ತೋಲೆ ಹೊರಡಿಸಿತು. ಎರಡರ ಹಿಂದೆಯೂ ಒಳ್ಳೆಯ ಕಾರಣವಿದೆ. ಆದರೆ ಚಿಕ್ಕ ಮಂಡಳಿಗೆ ಉಳಿದಿದ್ದು ರಸ್ತೆ ಮಾತ್ರ, ರಸ್ತೆಯಲ್ಲೋ ಎರಡೂ ಕಡೆ ಕಾರು. ನಮ್ಮ ಖಾಲಿ ಸೈಟಿನಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ.

ಎಲ್ಲರೂ ಹತ್ತು ಗಂಟೆಯನ್ನೇ ಬೈಯುತ್ತಾರೆ. ನನಗೆ ಅನ್ನಿಸುವುದು, ಸಂಜೆ ಕತ್ತರಿಸಿಹೋಗಿದ್ದು ಕೊನೆಯಿಂದಷ್ಟೇ ಅಲ್ಲ, ಶುರುವಿನಿಂದಲೂ. ಮೊದಲು ಬ್ಯಾಂಕು, ಕಾರ್ಖಾನೆಯವರು ಆರಕ್ಕೆ ಮನೆ ಸೇರಿ ಮುಖ ತೊಳೆದು ಬರುತ್ತಿದ್ದರು. ಈಗ ಹೊರವರ್ತುಲ ರಸ್ತೆಯ ಆಫೀಸುಗಳಿಂದ ಹೊರಟವರು ಎಂಟಕ್ಕೆ ಮುಟ್ಟಿದರೆ ಪುಣ್ಯ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಸ್ಟೇಡಿಯಂನಲ್ಲೇ ಐಪಿಎಲ್ ಶುರುವಾಯಿತು. ಆವತ್ತಿನಿಂದ ರಾಮೋತ್ಸವದ ಸಂಜೆಗಳಿಗೆ ಇನ್ನೊಬ್ಬ ಪಾಲುದಾರ. ನಮ್ಮ ಖಜಾಂಚಿಯೇ ಪಲ್ಲವಿಯ ನಡುವೆ ಸ್ಕೋರ್ ನೋಡಿ ಸಿಕ್ಕಿಬಿದ್ದಿದ್ದಾರೆ. ಕೇಳುಗ ಎಂಟಕ್ಕೆ ಬರುತ್ತಾನೆ, ಕಛೇರಿ ಹತ್ತಕ್ಕೆ ಮುಗಿಯಬೇಕು. ನಡುವೆ ಗಣ್ಯರ ಸನ್ಮಾನ, ಪ್ರಾಯೋಜಕರ ಹೆಸರು ಓದುವುದು ಬೇರೆ. ಅದಕ್ಕೆ ಕಾಲು ಗಂಟೆ ಸಲೀಸಾಗಿ ಸಿಗುತ್ತದೆ, ತನಿಗೆ ಮಾತ್ರ ಏಳೇ ನಿಮಿಷ. ಹತ್ತು ಗಂಟೆಯ ನಿಯಮ ಸನ್ಮಾನವನ್ನು ಮೊಟಕು ಮಾಡಿದ್ದು ನಾನಂತೂ ನೋಡಿಲ್ಲ.

ಕೋವಿಡ್ 2020ರ ರಾಮನವಮಿಯನ್ನು ಪೂರ್ತಿ ಫೋನಿನೊಳಗೆ ತಳ್ಳಿತು. ಮುಂದಿನ ವರ್ಷವೂ ಚಪ್ಪರ ಏಳಲಿಲ್ಲ. ಅದಾದ ಮೇಲೆ ವಾಪಸ್ ಬಂದ ಕೇಳುಗರಲ್ಲಿ ತಲೆ ನೆರೆದವರೇ ಜಾಸ್ತಿ.

ಈಗ ಹಾಲ್ ಬೇಕು ಎನ್ನುವವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಭರಣಿ ಮಳೆಗೆ ಚಪ್ಪರ ಸೋರುವ ಚಿಂತೆಯಿಲ್ಲ, ದನಿ ಒಳಗೇ ಇರುತ್ತದೆ, ಪೊಲೀಸ್ ಠಾಣೆ, ಪಾಲಿಕೆ, ಬೆಸ್ಕಾಂ ಎಂದು ಮೂರು ಬಾಗಿಲು ತಟ್ಟಬೇಕಾಗಿಲ್ಲ. ಆದರೆ ಹಾಲ್ ಇರುವುದು ಎರಡು ಕಿಲೋಮೀಟರ್ ಆಚೆ. ಗೇಟಿನ ಹತ್ತಿರ ನಿಂತು ಎರಡು ಕೃತಿ ಕೇಳಿ ಹೋಗುವ ತರಕಾರಿಯವನು, ನೈಟಿ ಮೇಲೊಂದು ಟವಲ್ ಹೊದ್ದು ಜಗುಲಿಯಲ್ಲೇ ಕೂತು ತಾಳ ಹಾಕುವ ಅಜ್ಜಿ, ಇವರ್ಯಾರೂ ಹಾಲ್‌ಗೆ ಬರುವುದಿಲ್ಲ. ಇವರಿಗೆ ಆಹ್ವಾನ ಪತ್ರಿಕೆ ಕೊಟ್ಟರೂ ಅಷ್ಟೇ.

ಕಳೆದ ಸಲ ನಾವು ಹಾರ್ನ್ ಪೂರ್ತಿ ಬಿಟ್ಟು ಎರಡು ಚಿಕ್ಕ ಬಾಕ್ಸ್ ಸ್ಪೀಕರನ್ನು ಒಳಮುಖವಾಗಿ ಇಟ್ಟೆವು. ಸನ್ಮಾನವನ್ನು ಕಛೇರಿಗೆ ಮುಂಚೆ ತಂದೆವು, ಆರಕ್ಕೆ, ಯಾರೂ ಇಲ್ಲದ ಹೊತ್ತಿನಲ್ಲಿ. ಕೆಲವು ಗಣ್ಯರಿಗೆ ಬೇಸರವಾಯಿತು. ಮೂರನೇ ಕಂಬದಾಚೆಗೆ ಏನೂ ಕೇಳಿಸಲಿಲ್ಲ ಎಂದು ದೂರೂ ಬಂತು. ಮಂಗಳ ಒಂಬತ್ತೂ ಐವತ್ತಕ್ಕೆ.

ಮುಂದಿನ ವರ್ಷದ್ದು ಇನ್ನೂ ತೀರ್ಮಾನವಾಗಿಲ್ಲ. ಹಾಲ್‌ನವರು ಡಿಸೆಂಬರ್ ಒಳಗೆ ಅಡ್ವಾನ್ಸ್ ಕೇಳಿದ್ದಾರೆ. ಚಪ್ಪರದವರು ಮಾತ್ರ ಯುಗಾದಿಗೆ ಒಂದು ವಾರ ಮುಂಚೆ ಹೇಳಿದರೆ ಸಾಕು ಎಂದಿದ್ದಾರೆ.