ದುಡ್ಡಿನ ತಪ್ಪಿಗೆ ಪಾಯಿಂಟ್ ಯಾಕೆ ಕಿತ್ಕೋತಾರೆ?

ಪ್ರಶ್ನೆ: ಜಾಸ್ತಿ ಖರ್ಚು ಮಾಡಿದ್ದು ಫುಟ್‌ಬಾಲ್ ಕ್ಲಬ್ ಮಾಲೀಕರು. ಅದಕ್ಕೆ ಆಟಗಾರರು ಬೆವರು ಸುರಿಸಿ ಗೆದ್ದ ಪಾಯಿಂಟ್ ಯಾಕೆ ಕಿತ್ಕೋಬೇಕು? ದಂಡ ಹಾಕಿ ಬಿಟ್ರೆ ಸಾಲದಾ?

ಉತ್ತರ: ಶನಿವಾರ ರಾತ್ರಿ ದಾವಣಗೆರೆಯಲ್ಲಿ ನಾವು ನಾಲ್ಕು ಜನ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು, ಒಂದೇ ಮೊಬೈಲಿಗೆ ತಲೆ ಬಗ್ಗಿಸಿ ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾಚ್ ನೋಡುತ್ತೇವೆ. ನಮ್ಮಲ್ಲೊಬ್ಬ ಎವರ್ಟನ್ ಕ್ಲಬ್ಬಿನ ಅಭಿಮಾನಿ. ಇಡೀ ಊರಿಗೆ ಅವನೊಬ್ಬನೇ ಇರಬೇಕು. 2023ರ ನವೆಂಬರ್ 17ರಂದು ಅವನ ಟೀಮಿನ 10 ಪಾಯಿಂಟ್ ಒಂದೇ ಏಟಿಗೆ ಹೋಯಿತು. 14 ಇದ್ದದ್ದು 4 ಆಯಿತು. ಕಚ್ಚಿದ ಮಿರ್ಚಿಯನ್ನು ಹಾಗೇ ಪ್ಲೇಟಿಗೆ ವಾಪಸ್ ಇಟ್ಟು ಅವನು ಕೇಳಿದ್ದೂ ನಿಮ್ಮ ಪ್ರಶ್ನೆಯನ್ನೇ.

ಮೊದಲು ನಿಯಮ ನೋಡೋಣ. ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನ ಆಗಿನ ಲೆಕ್ಕದಲ್ಲಿ ಒಂದು ಕ್ಲಬ್ ಮೂರು ವರ್ಷ ಸೇರಿ ಹೆಚ್ಚೆಂದರೆ 10.5 ಕೋಟಿ ಪೌಂಡ್ ನಷ್ಟ ತೋರಿಸಬಹುದಿತ್ತು. ವರ್ಷಕ್ಕೆ 3.5 ಕೋಟಿ. ಸ್ಟೇಡಿಯಂ, ಮಕ್ಕಳ ಅಕಾಡೆಮಿ, ಮಹಿಳಾ ತಂಡಕ್ಕೆ ಹಾಕಿದ ದುಡ್ಡು ಇದರಲ್ಲಿ ಬರುತ್ತಿರಲಿಲ್ಲ. ಎವರ್ಟನ್ ಈ ಮಿತಿ ಮೀರಿದ್ದು 1.95 ಕೋಟಿ ಪೌಂಡ್.

ಲೆಕ್ಕ ಬರೆಯುವ ರೀತಿಯಲ್ಲೇ ಒಂದು ಮಜಾ ಇದೆ. 5 ಕೋಟಿ ಕೊಟ್ಟು ಆಟಗಾರನನ್ನು ತಂದು 5 ವರ್ಷದ ಕರಾರು ಮಾಡಿಕೊಂಡರೆ, ಪುಸ್ತಕದಲ್ಲಿ ವರ್ಷಕ್ಕೆ 1 ಕೋಟಿ ಖರ್ಚು ಅಂತ ಹಂಚುತ್ತಾರೆ. ಎರಡು ವರ್ಷ ಬಿಟ್ಟು 4 ಕೋಟಿಗೆ ಮಾರಿದರೆ ಲಾಭ 1 ಕೋಟಿ ಮಾತ್ರ, ಯಾಕೆಂದರೆ ಪುಸ್ತಕದಲ್ಲಿ ಇನ್ನೂ 3 ಕೋಟಿ ಬಾಕಿ ಇರುತ್ತದೆ. ಅದೇ ಅಕಾಡೆಮಿಯಲ್ಲಿ ಬೆಳೆದ ಹುಡುಗನನ್ನು ಮಾರಿದರೆ? ಪೂರ್ತಿ ದುಡ್ಡೂ ಲಾಭ. ಸಂತೆಯಲ್ಲಿ ಕೊಂಡು ತಂದ ಎತ್ತಿಗೂ ಕೊಟ್ಟಿಗೆಯಲ್ಲೇ ಹುಟ್ಟಿದ ಕರುವಿಗೂ ಇರುವ ವ್ಯತ್ಯಾಸ ಇದು. ಹಾಗಾಗಿ ಕಷ್ಟ ಬಂದಾಗ ಮೊದಲು ಸಂತೆಗೆ ಹೋಗುವುದು ಮನೆಯ ಕರುವೇ. ಈ ನಿಯಮದ ಮೇಲೆ ನನಗೆ ಸಿಟ್ಟು ಇರುವುದು ಇಲ್ಲಿ.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅನ್ನುವ ಇನ್ನೊಂದು ಕ್ಲಬ್ಬಿನ ಕತೆ ಕೇಳಿ. ಬ್ರೆನನ್ ಜಾನ್ಸನ್ ಅದೇ ಊರಿನಲ್ಲಿ ಹುಟ್ಟಿ ಅದೇ ಅಕಾಡೆಮಿಯಲ್ಲಿ ಬೆಳೆದವನು. ಅವನ ಅಪ್ಪನೂ ಫಾರೆಸ್ಟ್‌ಗೆ ಆಡಿದವರು. 2023ರ ಸೆಪ್ಟೆಂಬರ್ 1ರಂದು ಕ್ಲಬ್ ಅವನನ್ನು ಟಾಟನ್‌ಹ್ಯಾಮ್‌ಗೆ ಸುಮಾರು 4.75 ಕೋಟಿ ಪೌಂಡಿಗೆ ಮಾರಿತು. ಆದರೆ ವರ್ಷದ ಲೆಕ್ಕ ಮುಗಿಯುವುದು ಜೂನ್ 30ಕ್ಕೆ! ಹಾಗಾಗಿ ಆ ದುಡ್ಡು ಆ ಲೆಕ್ಕಕ್ಕೆ ಸೇರಲಿಲ್ಲ. ಫಾರೆಸ್ಟ್ ಮೂರರಲ್ಲಿ ಎರಡು ವರ್ಷ ಕೆಳಗಿನ ಲೀಗ್‌ನಲ್ಲಿತ್ತು. ಅಲ್ಲಿ ವರ್ಷದ ಮಿತಿ 1.3 ಕೋಟಿ ಅಷ್ಟೇ. ಒಟ್ಟು ಮಿತಿ 6.1 ಕೋಟಿ ಆಯಿತು, ಅದನ್ನು 3.45 ಕೋಟಿ ಮೀರಿತು. ಜೂನ್‌ನಲ್ಲೇ ಮಾರಿದ್ದರೆ ಕಮ್ಮಿ ಸಿಗುತ್ತಿತ್ತು, ಕಾದಿದ್ದಕ್ಕೆ ಒಳ್ಳೆ ರೇಟ್ ಬಂತಲ್ವಾ ಅನ್ನುವುದು ಅವರ ವಾದ.

ಜಗಳೂರು ಕಡೆ ನಮ್ಮ ಮಾವ ಒಂದು ವರ್ಷ ಇದನ್ನೇ ಮಾಡಿದರು. ಮೆಕ್ಕೆಜೋಳದ ರೇಟು ಏರಲಿ ಅಂತ ಚೀಲ ಹಿಡಿದು ಕೂತರು. ರೇಟು ಏರಿತು. ಅಷ್ಟರಲ್ಲಿ ಸೊಸೈಟಿಯ ಶೂನ್ಯ ಬಡ್ಡಿ ಸಾಲದ ಗಡುವು ದಾಟಿತ್ತು. "ಮನೆ ತುಂಬಾ ಜೋಳ ಇತ್ತಪ್ಪಾ, ನಾನೇನು ಓಡಿ ಹೋಗ್ತಿದ್ನಾ?" ಅಂದರು. ಸೊಸೈಟಿ ಕೇಳಲಿಲ್ಲ, ಬಡ್ಡಿ ಹಾಕಿತು. ಫಾರೆಸ್ಟ್ ಮಾತನ್ನು ವಿಚಾರಣೆ ಮಾಡಿದವರೂ ಕೇಳಲಿಲ್ಲ. ಬೇಗ ತಪ್ಪೊಪ್ಪಿಕೊಂಡು ಸಹಕರಿಸಿದ್ದಕ್ಕೆ 6 ಪಾಯಿಂಟ್ ಕಡಿತ 4ಕ್ಕೆ ಇಳಿಯಿತು, ಅಷ್ಟೇ.

ಇನ್ನು ದಂಡದ ಮಾತು. ಕೋಟಿ ಕೋಟಿ ಸುರಿಯುವ ಮಾಲೀಕನಿಗೆ ದಂಡ ಅಂದರೆ ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲು. ಕಟ್ಟಿ ಸುಮ್ನಿರುತ್ತಾನೆ, ಮುಂದಿನ ವರ್ಷ ಮತ್ತೆ ಅದೇ ಮಾಡುತ್ತಾನೆ. ಮಿತಿ ಮೀರಿದ ದುಡ್ಡಿನಲ್ಲಿ ಕ್ಲಬ್ಬಿಗೆ ಸಿಕ್ಕಿದ್ದು ಒಳ್ಳೆ ಆಟಗಾರರು, ಅವರಿಂದ ಬಂದದ್ದು ಪಾಯಿಂಟ್. ಹಾಗಾಗಿ ಕಳೆಯಬೇಕಾದ್ದೂ ಪಾಯಿಂಟೇ. ಆಟಗಾರರ ತಪ್ಪಿಲ್ಲ, ನಿಜ. ಆದರೆ ನಿಯಮ ಪಾಲಿಸಿ ಕೈ ಬಿಗಿ ಹಿಡಿದ ಎದುರಾಳಿ ಟೀಮಿನ ಆಟಗಾರರ ತಪ್ಪೇನಿತ್ತು?

ಎಷ್ಟು ಕಳೆಯಬೇಕು ಅನ್ನುವುದರಲ್ಲಿ ಮಾತ್ರ ಗೊಂದಲ ಜಾಸ್ತಿ. ದಿವಾಳಿ ಎದ್ದರೆ ಲೀಗ್ ನಿಯಮದಲ್ಲಿ 9 ಪಾಯಿಂಟ್. 2010ರಲ್ಲಿ ಪೋರ್ಟ್ಸ್‌ಮತ್‌ಗೆ ಅಷ್ಟೇ ಹೋಗಿದ್ದು. ದಿವಾಳಿಗೆ 9, ಮಿತಿ ಮೀರಿದ ನಷ್ಟಕ್ಕೆ 10 ಅಂದರೆ ಯಾರಿಗಾದರೂ ವಿಚಿತ್ರ ಅನಿಸುತ್ತದೆ. 2024ರ ಫೆಬ್ರುವರಿಯಲ್ಲಿ ಮೇಲ್ಮನವಿ ಮೇಲೆ ಎವರ್ಟನ್‌ನ 10 ಅನ್ನು 6ಕ್ಕೆ ಇಳಿಸಿದರು. ಏಪ್ರಿಲ್‌ನಲ್ಲಿ ಅದರ ನಂತರದ ಲೆಕ್ಕಕ್ಕೆ ಇನ್ನೂ 2 ಹೋಯಿತು. ಅಷ್ಟಾದರೂ ಎರಡೂ ಕೆಳಗಿನ ಲೀಗ್‌ಗೆ ಬೀಳದೆ ಉಳಿದವು, ಎವರ್ಟನ್ 15ನೇ ಸ್ಥಾನದಲ್ಲಿ, ಫಾರೆಸ್ಟ್ 17ರಲ್ಲಿ.

"ಹಾಗಾದ್ರೆ ಮ್ಯಾಂಚೆಸ್ಟರ್ ಸಿಟಿ?" ಅಂತ ಕೇಳದೆ ಈ ಚರ್ಚೆ ಮುಗಿಯಲ್ಲ. ಅವರ ಮೇಲೆ 2023ರ ಫೆಬ್ರುವರಿಯಲ್ಲಿ ದುಡ್ಡಿನ ನಿಯಮ ಮುರಿದ ನೂರಕ್ಕೂ ಹೆಚ್ಚು ಆರೋಪ ಹೊರಿಸಿದರು, ಸಿಟಿ ಎಲ್ಲವನ್ನೂ ಅಲ್ಲಗಳೆಯಿತು. ಎವರ್ಟನ್, ಫಾರೆಸ್ಟ್ ಕೇಸಿನಲ್ಲಿ ಮಿತಿ ಮೀರಿದ್ದನ್ನು ಕ್ಲಬ್ಬುಗಳೇ ಒಪ್ಪಿದ್ದವು. ಸಿಟಿ ಕೇಸಿನಲ್ಲಿ ತೋರಿಸಿದ ಲೆಕ್ಕವೇ ನಿಜವಾ ಅನ್ನುವುದು ಪ್ರಶ್ನೆ. ಹಳೆಯ ವರ್ಷಗಳ ಕಾಗದ ಎಲ್ಲ ಕೆದಕಬೇಕು. ತಡ ಆಗಿದ್ದು ಅದಕ್ಕೆ.

ನನ್ನ ತಕರಾರು ಶಿಕ್ಷೆಯ ಹೊತ್ತಿನ ಬಗ್ಗೆ. ಎವರ್ಟನ್ ಮಿತಿ ಮೀರಿದ ಆ ಲೆಕ್ಕ 2021-22ಕ್ಕೆ ಮುಗಿದದ್ದು. ಆ ಸೀಸನ್‌ನಲ್ಲಿ ಎವರ್ಟನ್ 39 ಪಾಯಿಂಟ್‌ನಲ್ಲಿ ಉಳಿದುಕೊಂಡಿತು, 35 ಇದ್ದ ಬರ್ನ್ಲಿ ಕೆಳಗಿನ ಲೀಗ್‌ಗೆ ಬಿತ್ತು. ಪಾಯಿಂಟ್ ಕಳೆದದ್ದು ಎರಡು ಸೀಸನ್ ಆದಮೇಲೆ. ಬರ್ನ್ಲಿಗೆ ಏನು ಬಂತು? ಆ ವರ್ಷವೇ ಕಳೆಯಬೇಕಿತ್ತು ಅಂತ ನಮ್ಮ ಎವರ್ಟನ್ ಗೆಳೆಯನ ಮುಂದೆ ಹೇಳಿದೆ. ಅವನು ಬೆರಳು ಮಡಚಿ 39ರಲ್ಲಿ 6 ಕಳೆದು ನೋಡಿದ. ಆಮೇಲೆ ಆ ಮಾತೇ ಎತ್ತಲಿಲ್ಲ.