ಎಂಟನೇ ಕ್ಲಾಸಿಗೆ ಒಂದು ಸ್ಯಾಲರಿ ಸ್ಲಿಪ್

ಮುಂಬೈ ಪಾಲಿಕೆಯ ಕನ್ನಡ ಶಾಲೆಗಳಿಗೆ ನಾನು ಕರಿಯರ್ ಕೌನ್ಸೆಲರ್ ಆಗಿ ಹೋಗುತ್ತೇನೆ. ನಾನು ನೋಡುವ ಮಕ್ಕಳಲ್ಲಿ ಜಾಸ್ತಿ ಜನರ ಅಪ್ಪ ಅಮ್ಮ ಕಲಬುರಗಿ, ಯಾದಗಿರಿ ಕಡೆಯವರು. ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಜಾಗದಲ್ಲಿ ನಿಂತು ಅವತ್ತಿನ ಕೆಲಸ ಹುಡುಕುವವರು. ಮೊದಮೊದಲು ನಾನು ಗುರಿ, ಆತ್ಮವಿಶ್ವಾಸ ಅಂತ ಮಾತಾಡುತ್ತಿದ್ದೆ. ಮಕ್ಕಳು ಸುಮ್ನೆ ತಲೆಯಾಡಿಸುತ್ತಿದ್ದರು.

ಒಂದು ದಿನ ಸ್ಯಾಲರಿ ಸ್ಲಿಪ್ ಒಂದನ್ನು ಬೋರ್ಡ್ ಮೇಲೆ ಬರೆದೆ. ಬೇಸಿಕ್ 15,000 ರೂಪಾಯಿ, ಬೇರೆ ಭತ್ಯೆ ಇಲ್ಲ. ಪಿಎಫ್ (ಭವಿಷ್ಯ ನಿಧಿ) ಶೇ. 12, ಅಂದರೆ 1,800. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಶೇ. 0.75, ಅಂದರೆ 113. ಮಹಾರಾಷ್ಟ್ರದ ವೃತ್ತಿ ತೆರಿಗೆ 200. ಕೈಗೆ ಬರುವುದು 12,887. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. 'ಉಳದ ರೊಕ್ಕ ಯಾರ್ ತಿಂದ್ರು ಮೇಡಂ?'

ಆ ಪ್ರಶ್ನೆಗೆ ಇಡೀ ಪೀರಿಯಡ್ ಹೋಯಿತು. ಪಿಎಫ್ ನಿನ್ನದೇ ದುಡ್ಡು, ಮಾಲೀಕರೂ ತಮ್ಮ ಪಾಲು ಹಾಕಬೇಕು, ಕೆಲಸ ಬದಲಿಸಿದರೂ ಪಿಎಫ್‌ನ ಯುಎಎನ್ ನಂಬರ್ ಅದೇ ಇರುತ್ತದೆ, ಇಎಸ್‌ಐ ಇದ್ದರೆ ಮನೆಯವರಿಗೂ ಆಸ್ಪತ್ರೆ ಸಿಗುತ್ತದೆ ಅಂತೆಲ್ಲ ಹೇಳುತ್ತಾ ಹೋದ ಹಾಗೆ ಅವರು ತಾವಾಗಿಯೇ ನೋಟ್‌ಬುಕ್ ತೆಗೆದರು. ಸೈಟಿನಲ್ಲಿ ದುಡಿಯುವ ತಮ್ಮ ಅಪ್ಪನಿಗೆ ಇದೆಲ್ಲ ಯಾಕಿಲ್ಲ ಅಂತ ಒಬ್ಬಳು ಕೇಳಿದಳು. ಅವಳಿಗೆ ಉತ್ತರ ಹೇಳುವುದು ಕಷ್ಟವಾಯಿತು.

ಮುಂದಿನ ವಾರ ಬಡ್ಡಿ ಲೆಕ್ಕ. ಮನೆಯಲ್ಲಿ 'ಐದು ರೂಪಾಯಿ ಬಡ್ಡಿ' ಅನ್ನುವುದನ್ನು ಎಲ್ಲರೂ ಕೇಳಿದ್ದರು. ನೂರಕ್ಕೆ ತಿಂಗಳಿಗೆ ಐದು. ಬ್ಯಾಂಕು ಹೇಳುವುದು ವರ್ಷದ ಲೆಕ್ಕ, ಸಾಲ ಕೊಡುವವನು ಹೇಳುವುದು ತಿಂಗಳದ್ದು. ಐದು ಅಂದರೆ ವರ್ಷಕ್ಕೆ ಶೇ. 60! ಹತ್ತು ಸಾವಿರ ತಂದರೆ ವರ್ಷಕ್ಕೆ ಬಡ್ಡಿಯೇ ಆರು ಸಾವಿರ, ಅಸಲು ಹಾಗೇ ಇರುತ್ತದೆ. ಗಣಿತದ ಪುಸ್ತಕದಲ್ಲಿ ಇದೇ ಸರಳ ಬಡ್ಡಿ ಇದೆ. ಆದರೆ ಆ ಪಾಠ ತಮ್ಮ ಮನೆಯದ್ದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತ್ತು. ನಿರ್ಧಾರ ತೆಗೆದುಕೊಳ್ಳುವುದು, ಒತ್ತಡ ನಿಭಾಯಿಸುವುದು ಇವೆಲ್ಲ ಅದರಲ್ಲಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 6ರಿಂದ 8ನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕಲಿಯಿರಿ ಅನ್ನುತ್ತದೆ. ಒಳ್ಳೆಯದೇ. ಆದರೆ ನಮ್ಮ ಮಕ್ಕಳು ಗಾರೆ ಕೆಲಸ ನೋಡಿಕೊಂಡೇ ಬೆಳೆದವರು. ಅವರಿಗೆ ಗೊತ್ತಿಲ್ಲದ್ದು ಕಾಗದದ ಕೆಲಸ.

ಹೆಸರಿನ ವಿಷಯವನ್ನೇ ನೋಡಿ. ಇಲ್ಲಿನ ಫಾರ್ಮ್‌ಗಳು ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರನ್ನೂ ಕೇಳುತ್ತವೆ. ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ ಒಂದು ಥರ, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು ಥರ. ಹತ್ತನೇ ತರಗತಿ ಮುಗಿದು ಐಟಿಐಗೋ ಕಾಲೇಜಿಗೋ ಅರ್ಜಿ ಹಾಕುವಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಎಲ್‌ಸಿ (ಶಾಲೆ ಬಿಟ್ಟ ಸರ್ಟಿಫಿಕೇಟ್) ಕೈಗೆ ಬಂದ ಮೇಲೆ ತಿದ್ದಿಸಬೇಕಾದರೆ ಅಫಿಡವಿಟ್, ಗೆಜೆಟ್ ಅಂತ ಓಡಾಟ, ಅಪ್ಪನ ದಿನದ ಕೂಲಿ ಬೇರೆ ಹೋಗುತ್ತದೆ. ಹಾಗಾಗಿ ಈಗ ನನ್ನ ಮೊದಲ ಪೀರಿಯಡ್ ಇದಕ್ಕೇ. ಎರಡೂ ಕಾಗದ ಪಕ್ಕಪಕ್ಕ ಇಟ್ಟು, ಒಂದೊಂದೇ ಅಕ್ಷರ ಮ್ಯಾಚ್ ಮಾಡಿ, ತಪ್ಪಿದ್ದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ.

ಮುಂಬೈ ಕನ್ನಡಿಗರಲ್ಲಿ ಬ್ಯಾಂಕಿನವರು, ಅಕೌಂಟೆಂಟರು, ಹೋಟೆಲ್ ನಡೆಸುವವರು ಬೇಕಾದಷ್ಟು ಜನ ಇದ್ದೀರಿ, ಅಲ್ವಾ? ನಿಮ್ಮ ಹತ್ತಿರದ ಕನ್ನಡ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ ಒಂದು ಗಂಟೆ ಹೋಗಿ ಬನ್ನಿ. ಭಾಷಣ ಬೇಡ. ನಿಮ್ಮ ಹಳೆಯ ಸ್ಯಾಲರಿ ಸ್ಲಿಪ್ ಒಂದನ್ನು, ಹೆಸರು ಮತ್ತು ಖಾತೆ ನಂಬರ್ ಮುಚ್ಚಿ, ನಲವತ್ತು ಜೆರಾಕ್ಸ್ ಮಾಡಿಸಿಕೊಂಡು ಹೋಗಿ.