ಬಟನ್ನಿನ ರೂಪ ಯಾರ ಕೈಯಲ್ಲಿದೆ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರ್ ಕೊಠಡಿಗಳಿಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹೊಸತಲ್ಲ. 2001ರಲ್ಲಿ ಕೇರಳ ಸರಕಾರ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶದತ್ತ ಹೊರಳಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾದ ಮೇಲೆ ಲಿನಕ್ಸಿನದೇ ಒಂದು ರೂಪವಾದ ಉಬುಂಟುವನ್ನು ಆಧರಿಸಿದ ವ್ಯವಸ್ಥೆಯೇ ಶಾಲೆಗಳಲ್ಲಿ ಮುಂದುವರಿಯಿತು. ಲಿನಕ್ಸ್ ಬಳಸುವ ಯಾರಿಗಾದರೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು: ಥೀಮ್ (ಪರದೆಯ ರೂಪ, ಬಣ್ಣಗಳ ಸಿದ್ಧ ಮಾದರಿ) ಬದಲಿಸಿದಾಗ ಕೆಲವು ವಿಂಡೋಗಳ ಬಟನ್, ಮೆನು, ಸ್ಕ್ರೋಲ್‌ಬಾರ್‌ಗಳು ಹೊಸ ರೂಪ ತಾಳುತ್ತವೆ, ಉಳಿದವು ಏಕೆ ಕದಲುವುದೇ ಇಲ್ಲ? ಇದರ ಹಿಂದೆ ನಾಲ್ಕು ದಶಕಗಳ ಜಗಳವಿದೆ. ಬಟನ್ನನ್ನು ಚಿತ್ರಿಸುವ ಹಕ್ಕು ಕಾರ್ಯಾಚರಣ ವ್ಯವಸ್ಥೆಯದೋ, ತಂತ್ರಾಂಶ ಬರೆದವರದೋ, ಬಳಸುವವರದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

1984ರ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರ್ ತನ್ನ ಬಟನ್‌ಗಳನ್ನು ತಾನೇ ಒದಗಿಸಿ, ಎಲ್ಲ ತಂತ್ರಾಂಶಗಳೂ ಒಂದೇ ರೀತಿ ಕಾಣಬೇಕೆಂದು ಬಯಸಿತು. ಅದೇ ವರ್ಷ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯ ನಿಲುವು ಇದಕ್ಕೆ ವಿರುದ್ಧ: ಪರದೆಯ ಮೇಲೆ ಗೆರೆ, ಬಣ್ಣ, ಅಕ್ಷರ ಮೂಡಿಸುವ ಸಾಧನವನ್ನಷ್ಟೇ ಕೊಡುತ್ತೇವೆ, ಬಟನ್ ಹೇಗಿರಬೇಕೆಂಬುದು ನಮ್ಮ ಕೆಲಸವಲ್ಲ ಎಂದು ಅದು ಕೈತೊಳೆದುಕೊಂಡಿತು. ಹಾಗಾಗಿ ಅಥೀನಾ, 1989ರ ಮೋಟಿಫ್ ಮುಂತಾದ ಬೇರೆ ಬೇರೆ ಕಂಟ್ರೋಲ್ (ಬಟನ್, ಮೆನುವಿನಂಥ ಭಾಗ) ಸಂಗ್ರಹಗಳು ಬೆಳೆದವು. ಬಳಕೆದಾರ ಒಂದು ಪಠ್ಯ ಕಡತದಲ್ಲಿ ಬಣ್ಣ, ಫಾಂಟುಗಳನ್ನು ಬರೆದಿಟ್ಟು ತಂತ್ರಾಂಶದ ರೂಪ ಬದಲಿಸಬಹುದಿತ್ತು. ಆದರೆ ಅಥೀನಾದ ಸ್ಕ್ರೋಲ್‌ಬಾರಿನಲ್ಲಿ ಮೌಸಿನ ಎಡ ಗುಂಡಿ ಒತ್ತಿದರೆ ಪಠ್ಯ ಮುಂದಕ್ಕೂ ಬಲ ಗುಂಡಿ ಒತ್ತಿದರೆ ಹಿಂದಕ್ಕೂ ಸರಿಯುತ್ತಿತ್ತು; ಪಕ್ಕದ ಮೋಟಿಫ್ ವಿಂಡೋದಲ್ಲಿ ಆ ಅಭ್ಯಾಸ ನಡೆಯುತ್ತಿರಲಿಲ್ಲ. ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಇದು.

ವಿಂಡೋಸ್ ನಡುದಾರಿ ಹಿಡಿಯಿತು. ಅಲ್ಲಿ ಪ್ರತಿಯೊಂದು ಕಂಟ್ರೋಲೂ ಒಂದು ಪುಟ್ಟ ವಿಂಡೋ. ಅದು ತನ್ನನ್ನು ಚಿತ್ರಿಸಿಕೊಳ್ಳುವ ಮುನ್ನ ತನ್ನನ್ನು ಹೊತ್ತ ವಿಂಡೋಗೆ ಸಂದೇಶ ಕಳಿಸಿ ಯಾವ ಬಣ್ಣ ಬಳಿಯಲಿ ಎಂದು ಕೇಳುತ್ತದೆ. ಪಠ್ಯ ತುಂಬುವ ಚೌಕಕ್ಕೆ ಹಳದಿ ಎಂದರೆ ಹಳದಿಯೇ ಬರುತ್ತದೆ. ಸಾಮಾನ್ಯ ಬಟನ್ ಮಾತ್ರ ಉತ್ತರಕ್ಕೆ ಕಿವಿಗೊಡದೆ ವ್ಯವಸ್ಥೆಯ ಬಣ್ಣವನ್ನೇ ಬಳಸುತ್ತದೆ. ಬಣ್ಣದ ಬಟನ್ ಬೇಕೇ ಬೇಕೆಂದಾದರೆ ಅಂಚು, ನೆರಳು, ಒತ್ತಿದಾಗ ಒಳಗೆ ಹೋದಂತೆ ಕಾಣುವ ರೂಪ, ಕೀಲಿಮಣೆಯಿಂದ ತಲುಪಿದಾಗ ಮೂಡುವ ಚುಕ್ಕಿ ಗೆರೆ, ಇಷ್ಟನ್ನೂ ಪ್ರೋಗ್ರಾಮರ್ ತಾನೇ ಚಿತ್ರಿಸಬೇಕು. ಅರ್ಧ ಮಾತ್ರ ಚಿತ್ರಿಸಿ ಕೈಬಿಟ್ಟ ಬಟನ್‌ಗಳನ್ನು ಹಳೆಯ ತಂತ್ರಾಂಶಗಳಲ್ಲಿ ಈಗಲೂ ಕಾಣಬಹುದು.

2001ರ ವಿಂಡೋಸ್ ಎಕ್ಸ್‌ಪಿ ಕಂಟ್ರೋಲುಗಳ ರೂಪವನ್ನು ಥೀಮ್ ಕಡತಕ್ಕೆ ಒಪ್ಪಿಸಿತು. ಆದರೆ ಮೈಕ್ರೋಸಾಫ್ಟ್ ಸಹಿ ಇಲ್ಲದ ಥೀಮ್‌ಗಳನ್ನು ಅದು ಒಪ್ಪುತ್ತಿರಲಿಲ್ಲ. ನೀಲಿ, ಆಲಿವ್ ಹಸಿರು, ಬೆಳ್ಳಿ ಎಂಬ ಮೂರು ಬಣ್ಣಗಳಲ್ಲಿ ಆಯ್ಕೆ ಮುಗಿಯುತ್ತಿತ್ತು. ಉತ್ಸಾಹಿಗಳು ವ್ಯವಸ್ಥೆಯ ಕಡತವನ್ನೇ ತಿದ್ದಿ ಬೇಲಿ ದಾಟಿದರು. ವಿನ್ಆಂಪ್‌ನಂಥ ಸಂಗೀತ ತಂತ್ರಾಂಶಗಳಿಗೆ ಸ್ಕಿನ್ ಎಂಬ ಹೊಸ ಹೊದಿಕೆ ತೊಡಿಸಿ ರೂಢಿಯಾಗಿದ್ದವರಿಗೆ ಇದೇನೂ ದೊಡ್ಡ ಸಾಹಸವಾಗಿರಲಿಲ್ಲ.

ಲಿನಕ್ಸ್‌ನ ಕತೆ ಇನ್ನಷ್ಟು ಜಟಿಲ. 2011ರ ಜಿಟಿಕೆ 3 ಎಂಬ ಕಂಟ್ರೋಲ್ ಸಂಗ್ರಹ, ವೆಬ್ ಪುಟಗಳ ರೂಪ ಹೇಳುವ ಸಿಎಸ್ಎಸ್ ಭಾಷೆಯ ಮಾದರಿಯಲ್ಲೇ ಬಟನ್ನಿನ ರೂಪ ಬರೆಯುವ ಅವಕಾಶ ಕೊಟ್ಟಿತು. ಸಿಎಸ್ಎಸ್ ಬಲ್ಲವರೆಲ್ಲ ಥೀಮ್ ಬರೆಯಬಹುದಾಯಿತಾದರೂ ಒಳಗಿನ ಹೆಸರುಗಳು ಸ್ಥಿರವಾಗಿರಲಿಲ್ಲ, 2016ರ 3.20 ಆವೃತ್ತಿಯಲ್ಲಿ ಅವು ಬದಲಾದಾಗ ಹಳೆಯ ಥೀಮ್‌ಗಳು ಕೆಟ್ಟುಹೋದವು. ಥೀಮ್‌ನಿಂದಾದ ದೋಷಕ್ಕೆ ಬೈಗುಳ ಮಾತ್ರ ತಂತ್ರಾಂಶ ಬರೆದವರ ಪಾಲಿಗೆ. ಕೊನೆಗೆ 2019ರಲ್ಲಿ ಹಲವು ಡೆವಲಪರ್‌ಗಳು ತಮ್ಮ ತಂತ್ರಾಂಶಗಳಿಗೆ ಥೀಮ್ ಹೇರಬೇಡಿ ಎಂದು ಉಬುಂಟುವಿನಂಥ ಲಿನಕ್ಸ್ ವಿತರಣೆಗಳಿಗೆ ಬಹಿರಂಗ ಪತ್ರ ಬರೆದರು. 2021ರ ಕೊನೆಯಲ್ಲಿ ಬಂದ ಲಿಬ್‌ಅದ್ವೈತ ಎಂಬ ಕೋಡ್ ಸಂಗ್ರಹ ಆ ಬೇಡಿಕೆಯನ್ನು ಜಾರಿಗೆ ತಂದಿತು: ಅದನ್ನು ಬಳಸುವ ತಂತ್ರಾಂಶಗಳು ಬಳಕೆದಾರ ಆರಿಸಿದ ಥೀಮನ್ನು ಲೆಕ್ಕಿಸುವುದೇ ಇಲ್ಲ. ಕದಲದೆ ಉಳಿಯುವ ವಿಂಡೋಗಳಲ್ಲಿ ಬಹಳಷ್ಟು ಇಂಥವೇ. ಡೆವಲಪರ್‌ಗಳ ದೂರು ನ್ಯಾಯವಾದದ್ದೇ. ಆದರೆ ಎಲ್ಲ ಬಾಗಿಲನ್ನೂ ಒಮ್ಮೆಗೇ ಮುಚ್ಚಿದ್ದು ಅತಿಯಾಯಿತೆಂದೇ ನನ್ನ ಅನಿಸಿಕೆ. ಮುಂದೆ ಒಂದು ಬಾಗಿಲು ಮಾತ್ರ ತೆರೆಯಿತು: ಲಿನಕ್ಸಿನ ಜಿನೋಮ್ ಡೆಸ್ಕ್‌ಟಾಪಿನ 2024ರ ಆವೃತ್ತಿ 47ರಲ್ಲಿ ಎದ್ದುಕಾಣುವ ಬಣ್ಣವೊಂದನ್ನು ಆರಿಸುವ ಅವಕಾಶ ಬಂದಿತು.

ಕನ್ನಡ ಓದುವವರಿಗೆ ಬಣ್ಣಕ್ಕಿಂತ ಎತ್ತರ ಮುಖ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಬಟನ್ನಿನ ಎತ್ತರವನ್ನು ರೋಮನ್ ಅಕ್ಷರಕ್ಕೆಂದು ನಿಗದಿಪಡಿಸಿದ್ದರೆ "ರದ್ದು" ಎಂಬಲ್ಲಿನ ಒತ್ತು ಕತ್ತರಿಸಿಹೋಗುತ್ತದೆ. "ರಾಷ್ಟ್ರ" ಎಂದಿದ್ದರಂತೂ ಒತ್ತಿನ ಕೆಳಗೆ ಇನ್ನೊಂದು ಒತ್ತು. 1971ರ ಲಿಪಿ ಸುಧಾರಣೆಯ ಬಳಿಕ ಹೊಸ ಲಿಪಿಯ ಮಲಯಾಳದಲ್ಲಿ ಇಂಥ ಜೋಡಣೆಗಳು ಕಡಿಮೆಯಾಗಿರುವುದರಿಂದ, ಒಂದೇ ಯಂತ್ರದಲ್ಲಿ ಮಲಯಾಳಕ್ಕೆ ಸಾಕಾಗುವ ಎತ್ತರ ಕನ್ನಡಕ್ಕೆ ಸಾಲದೆ ಹೋಗಬಹುದು. ವಿಂಡೋಸ್‌ನ ಸಂವಾದ ಚೌಕಗಳಲ್ಲಿ ಬಟನ್ನಿನ ರೂಢಿಯ ಅಳತೆ 50ಕ್ಕೆ 14 ಡಯಲಾಗ್ ಯೂನಿಟ್. ಈ ಯೂನಿಟ್ಟನ್ನು ಲೆಕ್ಕಹಾಕುವುದು ಆ ಚೌಕಕ್ಕೆ ಹೇಳಿದ ಫಾಂಟಿನಿಂದಲೇ ಹೊರತು, ಅದರಲ್ಲಿ ಕನ್ನಡ ಇಲ್ಲದಾಗ ಬದಲಿಗೆ ಬರುವ ತುಂಗಾದಂಥ ಫಾಂಟಿನಿಂದಲ್ಲ. ಸ್ಥಿರ ಎತ್ತರದ ಚಿತ್ರಗಳಿಂದ ಕಟ್ಟಿದ ಹಳೆಯ ಸ್ಕಿನ್‌ಗಳಲ್ಲಿ ಹೊಂದಾಣಿಕೆಗೆ ಜಾಗವೇ ಇರುವುದಿಲ್ಲ.

ಜಿಟಿಕೆ ಈ ವಿಷಯದಲ್ಲಿ ವಾಸಿ: ಒಳಗಿನ ಪಠ್ಯ ಎಷ್ಟು ಜಾಗ ಬೇಡುತ್ತದೆಂದು ಅಳೆದು ಬಟನ್ನನ್ನು ಹಿಗ್ಗಿಸುತ್ತದೆ. ಥೀಮನ್ನು ಕಡೆಗಣಿಸುವ ಲಿಬ್‌ಅದ್ವೈತ ಕೂಡ ಅಕ್ಷರದ ಗಾತ್ರ ಹಿಗ್ಗಿಸುವ ಆಯ್ಕೆಯನ್ನು ಪಾಲಿಸುತ್ತದೆ. ತನ್ನ ಕೋಡಿನಲ್ಲೇ ಎತ್ತರವನ್ನು ಬಿಗಿಹಿಡಿದ ತಂತ್ರಾಂಶದಲ್ಲಿ ಮಾತ್ರ ಯಾವ ಥೀಮ್ ಹಾಕಿದರೂ ಒತ್ತಕ್ಷರ ಪೂರ್ತಿ ಕಾಣುವುದಿಲ್ಲ. ಅದನ್ನು ಬರೆದವರೇ ತಿದ್ದಬೇಕು.